ಚಿನ್ನದ ಗಣಿಯ ಜಮಾ-ಖರ್ಚು

ಕೋಲಾರದ ಚಿನ್ನದ ಗಣಿಗಳಿಂದ ಸುಮಾರು 120 ವರ್ಷಗಳಲ್ಲಿ ಹೊರಬಂದ ಚಿನ್ನ ಒಟ್ಟು 800 ಟನ್ನಿನಷ್ಟು ಎಂದು ಅಂದಾಜು. ಕೇಳಲು ಇದು ಬಹು ದೊಡ್ಡ ಮೊತ್ತ. ಇಷ್ಟೂ ಚಿನ್ನವನ್ನು ಕರಗಿಸಿ ಒಂದೇ ಗಟ್ಟಿಯಾಗಿ ಎರಕ ಹೊಯ್ದರೆ ಅದು ಎಷ್ಟು ಜಾಗ ಹಿಡಿದೀತು? ಹೈಸ್ಕೂಲಿನ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ಚಿನ್ನ ನೀರಿಗಿಂತ 19.3 ಪಟ್ಟು ಭಾರ. ಒಂದು ಘನ ಮೀಟರ್ ಚಿನ್ನ 19.3 ಟನ್ ತೂಗುತ್ತದೆ. 800ನ್ನು 19.3ರಿಂದ ಭಾಗಿಸಿದರೆ ಬರುವುದು ಸುಮಾರು 41.5 ಘನ ಮೀಟರ್. ಹದಿಮೂರು ಅಡಿ ಉದ್ದ, ಹನ್ನೊಂದೂವರೆ ಅಡಿ ಅಗಲ, ಹತ್ತು ಅಡಿ ಎತ್ತರವಿರುವ ಒಂದು ಕೋಣೆಯಲ್ಲಿ ಅಷ್ಟೂ ಚಿನ್ನ ಹಿಡಿಸುತ್ತದೆ.

ಈ ಒಂದು ಕೋಣೆಯಷ್ಟು ಚಿನ್ನಕ್ಕಾಗಿ ಸುಮಾರು ಐದು ಕೋಟಿ ಟನ್ ಅದಿರನ್ನು ನೆಲದಡಿಯಿಂದ ಮೇಲೆ ತರಬೇಕಾಯಿತು. ಅದನ್ನು ಹಿಟ್ಟಿನಂತೆ ಅರೆದು, ಚಿನ್ನವನ್ನು ಬೇರ್ಪಡಿಸಿ, ಉಳಿದುದನ್ನು ಊರಿನ ಪಕ್ಕದಲ್ಲೇ ಸುರಿಯಲಾಯಿತು. ಹಾಗೆ ಸುರಿದ ಪುಡಿ ಇಂದಿಗೂ 13 ದಿಬ್ಬಗಳಾಗಿ ನಿಂತಿದೆ. ಅದರ ತೂಕ ಸುಮಾರು 3.3 ಕೋಟಿ ಟನ್. ಹತ್ತು ಟನ್ನಿನ ಲಾರಿಗಳಲ್ಲಿ ಸಾಗಿಸಹೊರಟರೆ 33 ಲಕ್ಷ ಲೋಡು ಆಗುತ್ತದೆ. ಚಿನ್ನ ಎಲ್ಲೆಲ್ಲಿಗೋ ಹೋಯಿತು. ದಿಬ್ಬಗಳು ಮಾತ್ರ ಅಲ್ಲೇ ಉಳಿದವು.

ಗಣಿಗಾರಿಕೆ ಬೇಕೆ, ಬೇಡವೆ ಎಂಬ ಚರ್ಚೆ ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಆಗಾಗ ನಡೆಯುತ್ತದೆ. ಒಬ್ಬರು ದೇಶದ ಸಂಪತ್ತು, ಉದ್ಯೋಗ ಎನ್ನುತ್ತಾರೆ. ಇನ್ನೊಬ್ಬರು ಪರಿಸರ ನಾಶ ಎನ್ನುತ್ತಾರೆ. ಎರಡು ಮಾತೂ ನಿಜ. ಆದರೆ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆಯೊಂದಿದೆ. ಗಣಿಯ ಲಾಭ ಯಾವಾಗ ಬರುತ್ತದೆ, ಅದರ ಖರ್ಚು ಯಾವಾಗ ಬರುತ್ತದೆ? ಎರಡೂ ಒಂದೇ ಕಾಲಕ್ಕೆ ಬರುವುದಿಲ್ಲ ಎಂಬುದನ್ನು ಕೋಲಾರದ ಕತೆ ಚೆನ್ನಾಗಿ ತಿಳಿಸುತ್ತದೆ.

ಜಮೆಯ ಪುಟ

ಕೋಲಾರದ ಸೀಮೆಯಲ್ಲಿ ಚಿನ್ನವಿದೆ ಎಂಬುದು ಬಹಳ ಹಿಂದಿನಿಂದ ತಿಳಿದಿದ್ದ ಸಂಗತಿ. ಹಳ್ಳಿಯ ಜನ ಮಣ್ಣನ್ನು ನೀರಿನಲ್ಲಿ ಜಾಲಿಸಿ ಚಿನ್ನದ ಕಣಗಳನ್ನು ತೆಗೆಯುತ್ತಿದ್ದರು. 1802ರಲ್ಲಿ ಸರ್ವೆ ಕೆಲಸಕ್ಕೆ ಬಂದ ಜಾನ್ ವಾರನ್ ಎಂಬ ಅಧಿಕಾರಿ ಇದನ್ನು ಕಂಡು ದಾಖಲಿಸಿದ. 1870ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿ ತೋಡುವ ಪರವಾನಗಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆಗೆ ಅವನದೇ ಹೆಸರು. ಆದರೆ ಆಳಕ್ಕೆ ಇಳಿಯಲು ಬೇಕಾದ ಬಂಡವಾಳವಾಗಲಿ ಯಂತ್ರಗಳಾಗಲಿ ಅವನ ಬಳಿ ಇರಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆಯೇ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು.

ಗಣಿಯ ಹಿಂದೆಯೇ ಬಂದ ಸೌಲಭ್ಯಗಳ ಪಟ್ಟಿ ಉದ್ದವಾಗಿದೆ. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಮಾರ್ಗ ಬಂತು. ಬೇತಮಂಗಲದಲ್ಲಿ ಪಾಲಾರ್ ನದಿಯ ನೀರನ್ನು ಶುದ್ಧೀಕರಿಸಿ ಗಣಿ ಊರಿಗೆ ಕೊಳವೆಯಲ್ಲಿ ಒದಗಿಸಲಾಯಿತು. ಆಸ್ಪತ್ರೆ, ಶಾಲೆ, ಕ್ಲಬ್ಬುಗಳು ಬಂದವು.

ಎಲ್ಲಕ್ಕಿಂತ ದೊಡ್ಡದು ವಿದ್ಯುತ್ತಿನ ಕತೆ. ಆರಂಭದಲ್ಲಿ ಗಣಿಯ ಯಂತ್ರಗಳು ಸೌದೆ ಮತ್ತು ಕಲ್ಲಿದ್ದಲನ್ನು ಉರಿಸಿ ಆವಿಯಿಂದ ಓಡುತ್ತಿದ್ದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತಯಾರಿಸುವ ಯೋಜನೆ ರೂಪುಗೊಂಡಿತು. 1902ರ ಜೂನ್ ತಿಂಗಳಲ್ಲಿ, 92 ಮೈಲಿ ದೂರದ ಚಿನ್ನದ ಗಣಿಗಳಿಗೆ ಕಾವೇರಿಯ ವಿದ್ಯುತ್ತು ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ನಂತರ, 1905ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಗಣಿಗಳಿಗೆ ವಿದ್ಯುತ್ತು ಸಾಲುತ್ತಿರಲಿಲ್ಲ. ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟಲು ಇದ್ದ ಕಾರಣಗಳಲ್ಲಿ ಈ ಕೊರತೆಯನ್ನು ನೀಗಿಸುವುದೂ ಒಂದು. ಮಂಡ್ಯದ ಕಬ್ಬಿನ ಗದ್ದೆಗೂ ಕೋಲಾರದ ಗಣಿಗೂ ಹೀಗೊಂದು ನಂಟುಂಟು.

ಮೈಸೂರು ಸರ್ಕಾರಕ್ಕೆ ಗಣಿಗಳಿಂದ ರಾಜಧನ ಸಂದಾಯವಾಗುತ್ತಿತ್ತು. ನೆಲದಡಿಯ ಖನಿಜವನ್ನು ತೆಗೆಯುವವರು ಸರ್ಕಾರಕ್ಕೆ ಕೊಡಬೇಕಾದ ಪಾಲಿಗೆ ರಾಜಧನ ಎಂದು ಹೆಸರು. ಗಣಿಗಳು ಜೋರಾಗಿದ್ದ ಕಾಲದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ತಮಿಳು ಸೀಮೆಯ ಉತ್ತರ ಆರ್ಕಾಟ್, ಸೇಲಂ ಕಡೆಗಳಿಂದ ಬಂದ ದಲಿತ ಕುಟುಂಬಗಳವರು. ಜಮೀನ್ದಾರರ ಹೊಲಗಳಲ್ಲಿ ದುಡಿಯುತ್ತಿದ್ದವರಿಗೆ ತಿಂಗಳ ಸಂಬಳ ಸಿಕ್ಕಿದ್ದೇ ದೊಡ್ಡ ಬದಲಾವಣೆ. ಮುಂದೆ ಅವರ ಮಕ್ಕಳು ಶಾಲೆ ಕಂಡರು, ಸಂಘ ಕಟ್ಟಿದರು.

ವಿಜ್ಞಾನಕ್ಕೂ ಗಣಿಯಿಂದ ಲಾಭವಾಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತ್ತು. ಅಷ್ಟು ಬಂಡೆಯ ಹೊದಿಕೆಯಡಿಯಲ್ಲಿ ಆಕಾಶದಿಂದ ಬರುವ ಇತರ ಕಿರಣಗಳ ಗದ್ದಲ ಇರುವುದಿಲ್ಲ. ಆದ್ದರಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಅಲ್ಲಿ ಉಪಕರಣಗಳನ್ನಿಟ್ಟರು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಕೋಲಾರವೂ ಒಂದು. ಅದು 1965ರ ಮಾತು. ಗಣಿಯ ಊರಾದ್ದರಿಂದಲೇ 1964ರಲ್ಲಿ ಬಿಇಎಂಎಲ್ ಕಾರ್ಖಾನೆ, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಅಲ್ಲಿ ನೆಲೆಗೊಂಡವು.

ಜಮೆಯ ಪುಟದಲ್ಲಿರುವ ಈ ಯಾವುದೂ ಸುಳ್ಳಲ್ಲ. ಗಣಿಗಾರಿಕೆಯನ್ನು ಟೀಕಿಸುವವರು ಈ ಪುಟವನ್ನು ಹರಿದು ಹಾಕುವಂತಿಲ್ಲ. ಹಾಗೆಯೇ ಲಾಭಾಂಶದ ಬಹುಪಾಲು ಸಮುದ್ರ ದಾಟಿ ಷೇರುದಾರರಿಗೆ ಹೋದದ್ದು, ಚಿನ್ನ ಅಗೆದವರು ಒಂದೇ ಕೋಣೆಯ ಲೈನ್ ಮನೆಗಳಲ್ಲಿ ಉಳಿದದ್ದು ಕೂಡ ಅದೇ ಪುಟದ ಭಾಗವೇ.

ಬಂಡೆಯಿಂದ ಚಿನ್ನ ಬೇರೆಯಾಗುವ ಬಗೆ

ಖರ್ಚಿನ ಪುಟ ತೆರೆಯುವ ಮುನ್ನ ಚಿನ್ನ ತೆಗೆಯುವ ಕ್ರಮವನ್ನು ತಿಳಿಯಬೇಕು. ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನ ಪದರಗಳಲ್ಲಿ. ಕರಿಯ ಬಂಡೆಗಳ ನಡುವೆ ಬಿಳಿಯ ಪಟ್ಟಿಯಂತೆ ಈ ಪದರ ನೂರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಚಿನ್ನ ಕಣ್ಣಿಗೆ ಕಾಣುವಂತೆ ಇರುವುದು ಅಪರೂಪ. ಬಂಡೆಯೊಳಗೆ ಅದು ಸಣ್ಣ ಸಣ್ಣ ಕಣಗಳಾಗಿ ಹರಡಿಕೊಂಡಿರುತ್ತದೆ. ಕಣವನ್ನು ಬಿಡಿಸಬೇಕಾದರೆ ಬಂಡೆಯನ್ನು ಪುಡಿಪುಡಿ ಮಾಡಲೇಬೇಕು.

ಪುಡಿಯಲ್ಲಿರುವ ದಪ್ಪ ಕಣಗಳನ್ನು ಪಾದರಸದ ನೆರವಿನಿಂದ ಹಿಡಿಯುತ್ತಿದ್ದರು. ಚಿನ್ನ ಪಾದರಸದಲ್ಲಿ ಬೆರೆತು ಮಿಶ್ರಲೋಹವಾಗುತ್ತದೆ. ಅದನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆದರೆ ಬಹಳ ನುಣುಪಾದ ಕಣಗಳು ಇದಕ್ಕೆ ಸಿಗುವುದಿಲ್ಲ. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮ್ಯಾಕ್ ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಇದಕ್ಕೊಂದು ಉಪಾಯ ಕಂಡುಹಿಡಿದರು. ಸೋಡಿಯಂ ಅಥವಾ ಪೊಟ್ಯಾಸಿಯಂ ಸೈನೈಡಿನ ತೆಳುವಾದ ದ್ರಾವಣವನ್ನು ಗಾಳಿಯ ಸಂಪರ್ಕದಲ್ಲಿ ಅದಿರಿನ ಪುಡಿಗೆ ಸೇರಿಸಿದರೆ, ಯಾವ ಆಮ್ಲಕ್ಕೂ ಸುಲಭವಾಗಿ ಬಗ್ಗದ ಚಿನ್ನ ಅದರಲ್ಲಿ ಕರಗುತ್ತದೆ. ಆ ದ್ರಾವಣಕ್ಕೆ ಸತುವಿನ ಚೂರುಗಳನ್ನು ಹಾಕಿದರೆ ಚಿನ್ನ ಮತ್ತೆ ಹೊರಬಂದು ತಳಕ್ಕೆ ಕೂರುತ್ತದೆ. ಸತು ಚಿನ್ನಕ್ಕಿಂತ ಹೆಚ್ಚು ಕ್ರಿಯಾಶೀಲ ಲೋಹವಾದ್ದರಿಂದ ತಾನು ಕರಗಿ ಚಿನ್ನವನ್ನು ಹೊರಗೆ ತಳ್ಳುತ್ತದೆ. ಲೋಹಗಳ ಕ್ರಿಯಾಶೀಲತೆಯ ಸರಣಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇಷ್ಟಾದ ಮೇಲೆ ಉಳಿಯುವುದೇ ಹಿಟ್ಟಿನಂಥ ಬೂದು ಪುಡಿ. ಅದನ್ನು ನೀರಿನೊಡನೆ ಕೆಸರಾಗಿ ಹೊರಗೆ ಹರಿಯಬಿಡುತ್ತಿದ್ದರು. ಕೆಸರು ಒಣಗಿ, ಪದರದ ಮೇಲೆ ಪದರ ಕೂಡಿ ದಿಬ್ಬವಾಯಿತು. ಊರ ಜನ ಇವುಗಳನ್ನು ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ.

ಖರ್ಚಿನ ಪುಟ

ಹೆಸರು ಸೈನೈಡ್ ದಿಬ್ಬವಾದರೂ ಇಂದಿನ ತೊಂದರೆಯ ಮುಖ್ಯ ಕಾರಣ ಸೈನೈಡ್ ಅಲ್ಲ. ಸೈನೈಡ್ ಭಯಂಕರ ವಿಷವೆಂಬುದು ನಿಜ. ಗಣಿ ನಡೆಯುತ್ತಿದ್ದಾಗ ಅದರ ದ್ರಾವಣ ಕೆರೆ, ಹಳ್ಳಗಳನ್ನು ಸೇರಿದ್ದರೆ ಅಪಾಯ ಖಚಿತ. ಆದರೆ ಬಿಸಿಲು ಮತ್ತು ಗಾಳಿಗೆ ಒಡ್ಡಿದ ಸೈನೈಡ್ ಕಾಲಕ್ರಮೇಣ ಒಡೆದು ಕಡಿಮೆ ಅಪಾಯದ ವಸ್ತುಗಳಾಗುತ್ತದೆ. ಬಿಸಿಲಿಗೆ ಒಡೆಯದೆ ಉಳಿಯುವುದು ಬೆಣಚುಕಲ್ಲಿನ ಪುಡಿ ಮತ್ತು ಅದರೊಡನೆ ಇರುವ ಭಾರ ಲೋಹಗಳ ಅಂಶ.

ಬೆಣಚುಕಲ್ಲು ಎಂದರೆ ಸಿಲಿಕಾ. ಹೊಳೆಯ ಮರಳೂ ಬಹುಮಟ್ಟಿಗೆ ಅದೇ. ಮರಳಿನಲ್ಲಿ ಮಕ್ಕಳು ಆಡಿದರೆ ಏನೂ ಆಗುವುದಿಲ್ಲ. ಹಾಗಿದ್ದರೆ ಪುಡಿಯ ಭಯವೇಕೆ? ಉತ್ತರ ಇರುವುದು ಕಣದ ಗಾತ್ರದಲ್ಲಿ. ಮರಳಿನ ಕಣ ದೊಡ್ಡದು. ಅದು ಮೂಗಿನಲ್ಲೇ ತಡೆದು ನಿಲ್ಲುತ್ತದೆ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸಣ್ಣದಾದ ಕಣ ಮೂಗು, ಗಂಟಲು ದಾಟಿ ಶ್ವಾಸಕೋಶದ ಒಳಗೆ ಇಳಿಯಬಲ್ಲದು. ಅತಿ ಸೂಕ್ಷ್ಮವಾದವು ಕೊನೆಯ ಗಾಳಿಚೀಲಗಳವರೆಗೂ ಹೋಗುತ್ತವೆ. ದೇಹ ಅವನ್ನು ಕರಗಿಸಲಾರದು. ಅವುಗಳ ಸುತ್ತ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ, ಶ್ವಾಸಕೋಶ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್ ಕಾಯಿಲೆ. ಒಮ್ಮೆ ಬಂದರೆ ಇದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ಇಂಥವರಿಗೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು. ಭಾರತದಲ್ಲಿ ಸಿಲಿಕೋಸಿಸ್ ಬಗ್ಗೆ ಮೊದಲ ವರದಿ ಬಂದದ್ದು ಕೋಲಾರದ ಚಿನ್ನದ ಗಣಿಗಳಿಂದಲೇ, 1947ರಲ್ಲಿ. ಬಂಡೆಗೆ ರಂಧ್ರ ಕೊರೆಯುವವರು ದಿನವಿಡೀ ಈ ದೂಳನ್ನೇ ಉಸಿರಾಡುತ್ತಿದ್ದರು.

ಆಳದ ಅಪಾಯ ಬೇರೆಯೇ ಬಗೆಯದು. ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಉಷ್ಣತೆ ಅರವತ್ತು ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ತಣ್ಣನೆಯ ಗಾಳಿಯನ್ನು ಮೇಲಿನಿಂದ ಕಳಿಸದಿದ್ದರೆ ಅಲ್ಲಿ ಕೆಲಸ ಸಾಧ್ಯವಿಲ್ಲ. ಮೇಲಿನ ಬಂಡೆಗಳ ಒತ್ತಡ ತಾಳಲಾರದೆ ಗಣಿಯ ಗೋಡೆಗಳು ಒಮ್ಮೆಲೇ ಸಿಡಿಯುವುದೂ ಉಂಟು. ರಾಕ್ ಬರ್ಸ್ಟ್ ಎಂದು ಕರೆಯುವ ಈ ಸಿಡಿತಗಳು ಅನೇಕ ಕಾರ್ಮಿಕರ ಪ್ರಾಣ ತೆಗೆದವು. ಅವುಗಳ ಅದುರು ಮೇಲಿನ ಮನೆಗಳಿಗೂ ತಿಳಿಯುತ್ತಿತ್ತು.

ಗಣಿ ನಿಂತ ಮೇಲೆ ಕಾರ್ಮಿಕರಿಗಿದ್ದ ಅಪಾಯ ನಿಂತಿತು, ದಿಬ್ಬಗಳ ಸುತ್ತಲಿನವರ ತೊಂದರೆ ಉಳಿಯಿತು. ದಿಬ್ಬದ ಪುಡಿಯಲ್ಲಿ ಸಾವಯವ ಅಂಶವಿಲ್ಲ. ಸಸಿಗೆ ಬೇಕಾದ ಸಾರಜನಕವಿಲ್ಲ. ಆದ್ದರಿಂದ ತಾನಾಗಿ ಹುಲ್ಲು ಹಬ್ಬುವುದು ಬಹಳ ನಿಧಾನ. ಬೇರುಗಳ ಹಿಡಿತವಿಲ್ಲದ ಈ ಪುಡಿ ಆಷಾಢದ ಗಾಳಿಗೆ ಮೇಲೆದ್ದು ಮನೆ, ಬಾವಿ, ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಕೊರಕಲು ಬಿದ್ದು ಕೆಳಗಿನ ಹೊಲ, ಕೆರೆಗಳಿಗೆ ಹರಿಯುತ್ತದೆ. ಕೆಮ್ಮು, ಚರ್ಮದ ತುರಿಕೆಗಳ ಬಗ್ಗೆ ಅಲ್ಲಿನ ನಿವಾಸಿಗಳ ದೂರು ಹಳೆಯದು. 2018ರಲ್ಲಿ ತೆರೆಕಂಡ ಸಿನಿಮಾದಿಂದ ಕೆಜಿಎಫ್ ಹೆಸರು ದೇಶದ ಮಕ್ಕಳ ಬಾಯಲ್ಲೆಲ್ಲ ಬಂತು. ತೆರೆಯ ಮೇಲೆ ಬೂದು ಬಣ್ಣದಲ್ಲಿ ಚೆಂದ ಕಂಡ ಆ ದಿಬ್ಬಗಳ ಬುಡದಲ್ಲಿ ಜನ ವಾಸಿಸುತ್ತಿದ್ದಾರೆಂಬುದು ನೋಡಿದವರಲ್ಲಿ ಎಷ್ಟು ಮಂದಿಗೆ ಗೊತ್ತೋ!

ತಾಮ್ರದ ಅದಿರು, ಹುಳಿಯಾಗುವ ನೀರು

ಚಿನ್ನದ ಗಣಿಯ ದೊಡ್ಡ ತೊಂದರೆ ದೂಳಾದರೆ, ತಾಮ್ರ, ಸೀಸ, ಸತುಗಳ ಗಣಿಯದು ಸಾಮಾನ್ಯವಾಗಿ ನೀರು. ನಮ್ಮ ರಾಜ್ಯದಲ್ಲಿ ಚಿತ್ರದುರ್ಗದ ಸಮೀಪ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು. ಈಗ ಅದು ಮುಚ್ಚಿದೆ. ವಿದ್ಯುತ್ ತಂತಿ, ಮೋಟಾರು, ಪಂಪ್‌ಸೆಟ್ಟು ಯಾವುದೂ ತಾಮ್ರವಿಲ್ಲದೆ ನಡೆಯುವುದಿಲ್ಲ. ಚಿನ್ನವಿಲ್ಲದೆ ಬದುಕಬಹುದು, ತಾಮ್ರವಿಲ್ಲದೆ ಇಂದಿನ ಬದುಕು ಒಂದು ದಿನವೂ ಸಾಗದು.

ಈ ಲೋಹಗಳು ನೆಲದಲ್ಲಿ ಹೆಚ್ಚಾಗಿ ಗಂಧಕದೊಡನೆ ಕೂಡಿರುತ್ತವೆ. ಜೊತೆಯಲ್ಲಿ ಕಬ್ಬಿಣ ಮತ್ತು ಗಂಧಕದ ಸಂಯುಕ್ತವಾದ ಪೈರೈಟ್ ಎಂಬ ಹಳದಿ ಹೊಳಪಿನ ಖನಿಜವೂ ಇರುತ್ತದೆ. ಚಿನ್ನವೆಂದು ಎಷ್ಟೋ ಜನ ಮೋಸಹೋದದ್ದು ಇದನ್ನು ಕಂಡೇ. ಭೂಮಿಯ ಆಳದಲ್ಲಿ ಗಾಳಿಯ ಸಂಪರ್ಕವಿಲ್ಲದೆ ಪೈರೈಟ್ ಕೋಟ್ಯಂತರ ವರ್ಷ ಸುಮ್ಮನಿರುತ್ತದೆ. ಅಗೆದು ಹೊರಗೆ ಹಾಕಿದಾಗ ಗಾಳಿಯ ಆಮ್ಲಜನಕ ಮತ್ತು ಮಳೆಯ ನೀರು ತಗಲಿ ಗಂಧಕಾಮ್ಲ ಹುಟ್ಟುತ್ತದೆ. ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಹುಳಿಯಾದ ನೀರು ಬಂಡೆಯಲ್ಲಿರುವ ಇತರ ಲೋಹಗಳನ್ನೂ ಕರಗಿಸಿಕೊಂಡು ಹಳ್ಳ ಸೇರುತ್ತದೆ. ಗಣಿ ನಿಂತರೂ ಈ ಕ್ರಿಯೆ ನಿಲ್ಲುವುದಿಲ್ಲ. ಪೈರೈಟ್ ಮುಗಿಯುವವರೆಗೂ ಅದು ನಡೆಯುತ್ತಲೇ ಇರುತ್ತದೆ.

ಚಿನ್ನವಿರುವ ಕೆಲವು ಬಂಡೆಗಳಲ್ಲಿ ಆರ್ಸೆನಿಕ್ ಕೂಡ ಇರುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಮಿತಿಮೀರಿ ಇರುವುದನ್ನೂ, ಅದರಿಂದ ಜನರ ಚರ್ಮದ ಮೇಲಾದ ಪರಿಣಾಮಗಳನ್ನೂ ಸಂಶೋಧಕರು ದಾಖಲಿಸಿದ್ದಾರೆ. ಅದು ಹಳೆಯ ಚಿನ್ನದ ಗಣಿಯೊಂದರ ಸಮೀಪದ ಊರು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಕಡಿಮೆ ಪ್ರಮಾಣಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಪರೀಕ್ಷೆ ಮಾಡದೆ ತಿಳಿಯುವಂತಿಲ್ಲ.

ಆದಾಯ ಇಳಿಯುವಾಗ ಕಸ ಏರುತ್ತದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲಾಭ ಯಾವಾಗ, ಖರ್ಚು ಯಾವಾಗ?

ಕೋಲಾರದಲ್ಲಿ ಆರಂಭದ ಕಾಲದ ಅದಿರು ಬಹಳ ಸಮೃದ್ಧವಾಗಿತ್ತು. ಒಂದು ಟನ್ನಿನಲ್ಲಿ 40 ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು 4 ಗ್ರಾಂಗಿಂತ ಕೆಳಗೆ ಇಳಿಯಿತು. ಈ ಎರಡು ಅಂಕಿಗಳಿಂದ ಒಂದು ಸಣ್ಣ ಲೆಕ್ಕ ಮಾಡಬಹುದು. ಮದುವೆಗೆ ಮಾಡಿಸುವ 10 ಗ್ರಾಂ ತೂಕದ ಒಂದು ಉಂಗುರಕ್ಕೆ ಎಷ್ಟು ಅದಿರು ಬೇಕು? ಟನ್ನಿಗೆ 40 ಗ್ರಾಂ ಇದ್ದಾಗ 250 ಕಿಲೋಗ್ರಾಂ, ಅಂದರೆ ಐದು ಮೂಟೆ ಸಿಮೆಂಟಿನಷ್ಟು. ಟನ್ನಿಗೆ 4 ಗ್ರಾಂ ಆದಾಗ ಎರಡೂವರೆ ಟನ್, ಅಂದರೆ ಐವತ್ತು ಮೂಟೆ. ಟನ್ನಿಗೆ 1 ಗ್ರಾಂ ಆದರೆ ಒಂದು ಲಾರಿ ತುಂಬ, 10 ಟನ್.

ಚಿನ್ನ ಅದೇ 10 ಗ್ರಾಂ. ಆದರೆ ಅಗೆಯಬೇಕಾದ ಬಂಡೆ ಹತ್ತು ಪಟ್ಟಾಯಿತು. ಅರೆಯುವ ವಿದ್ಯುತ್ತು, ಬಳಸುವ ನೀರು, ಹೊರಗೆ ಸುರಿಯುವ ಪುಡಿ ಎಲ್ಲವೂ ಅದೇ ಪ್ರಮಾಣದಲ್ಲಿ ಏರಿದವು. ಗಣಿಯ ಆಳ ಹೆಚ್ಚಿದಂತೆ ಖರ್ಚು ಇನ್ನೂ ಏರಿತು. ಹೀಗೆ ಗಣಿಯಿಂದ ಬರುವ ಆದಾಯ ಇಳಿಯುವ ಕಾಲದಲ್ಲೇ ಅದು ಬಿಡುವ ಕಸ ಏರುತ್ತದೆ. ಸಮೃದ್ಧ ಅದಿರಿನ ಕಾಲದ ಲಾಭ ಆಗಲೇ ಹಂಚಿಹೋಗಿರುತ್ತದೆ. ಕಸ ತೆಗೆಯುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಗಣಿಗೂ ಅನ್ವಯಿಸುತ್ತದೆ.

ಕೋಲಾರದಲ್ಲಿ ಆದದ್ದೂ ಹೀಗೆಯೇ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಆ ವೇಳೆಗೆ ಸಮೃದ್ಧ ಅದಿರಿನ ಕಾಲ ಮುಗಿದಿತ್ತು. ನಷ್ಟ ಏರುತ್ತಾ ಹೋಗಿ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ನೀರೆತ್ತುವ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಗಣಿಯ ಆಸ್ಪತ್ರೆಯ ಬಾಗಿಲೂ ಮುಚ್ಚಿತು. ಅಂದಿನಿಂದ ಸಾವಿರಾರು ಜನ ಬೆಳಗಿನ ಜಾವದ ರೈಲು ಹಿಡಿದು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಿದ್ದಾರೆ. ಗಣಿಗಾಗಿ ಹಾಕಿದ ಹಳಿಯೇ ಈಗ ಅವರ ಜೀವನಾಧಾರ.

ಎರಡು ವರ್ಷ ತಡವಾಗಿ ಬಂದ ನಿಯಮ

2003ರಲ್ಲಿ ಕೇಂದ್ರ ಸರ್ಕಾರ ಗಣಿ ನಿಯಮಗಳಿಗೆ ಮಹತ್ವದ ತಿದ್ದುಪಡಿ ತಂದಿತು. ಗಣಿ ನಡೆಸುವವರು ಅದನ್ನು ಹೇಗೆ ಮುಚ್ಚುತ್ತೇವೆಂಬ ಯೋಜನೆಯನ್ನು ಮೊದಲೇ ಸಲ್ಲಿಸಬೇಕು. ಕೆಲಸ ನಡೆಯುತ್ತಿರುವಾಗಲೇ ಅಗೆದ ಭಾಗಗಳನ್ನು ಹಂತಹಂತವಾಗಿ ಸರಿಪಡಿಸುತ್ತಾ ಬರಬೇಕು. ಮಾತಿಗೆ ತಪ್ಪಿದರೆ ಬಳಸಿಕೊಳ್ಳಲು ಹಣಕಾಸಿನ ಭದ್ರತೆಯನ್ನೂ ಇಡಬೇಕು. ಮನೆ ಬಾಡಿಗೆಗೆ ಹೋಗುವಾಗ ಮುಂಗಡ ಕೊಡುವುದಿಲ್ಲವೇ, ಅದೇ ತತ್ವ. 2015ರ ಕಾನೂನು ತಿದ್ದುಪಡಿಯಂತೆ ಗಣಿಯಿರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚನೆಯಾದವು. ಗಣಿಯಿಂದ ಬಾಧೆಗೊಳಗಾದ ಊರುಗಳ ನೀರು, ಆರೋಗ್ಯ, ಶಿಕ್ಷಣಕ್ಕಾಗಿ ಗಣಿ ಮಾಲೀಕರು ಇದಕ್ಕೆ ಹಣ ಕಟ್ಟಬೇಕು.

ಮುಚ್ಚುವ ಯೋಜನೆಯ ನಿಯಮ ಬಂದಾಗ ಕೋಲಾರದ ಗಣಿಗಳು ಮುಚ್ಚಿ ಎರಡು ವರ್ಷವಾಗಿತ್ತು. 120 ವರ್ಷಗಳ ಆದಾಯದಲ್ಲಿ ಒಂದು ಸಣ್ಣ ಪಾಲನ್ನು ಪ್ರತಿವರ್ಷ ಇದಕ್ಕಾಗಿ ಎತ್ತಿಟ್ಟಿದ್ದರೆ ದಿಬ್ಬಗಳ ಮೇಲೆ ಮಣ್ಣು ಹೊದಿಸಿ ಹಸಿರು ಬೆಳೆಸುವುದು ಕಷ್ಟವಾಗುತ್ತಿರಲಿಲ್ಲ. ಆಗ ಅಂಥ ಯೋಚನೆಯೇ ಇರಲಿಲ್ಲ ಎನ್ನಬಹುದು. ಈಗ ಇದೆ. ಇಂದು ದೇಶದಲ್ಲಿ ತೆಗೆಯುವ ಚಿನ್ನದ ಬಹುಪಾಲು ಬರುವುದು ರಾಯಚೂರು ಜಿಲ್ಲೆಯ ಹಟ್ಟಿಯಿಂದ. ಹಟ್ಟಿಗೂ ಒಂದು ದಿನ ಕೊನೆಯ ಟನ್ನು ಅದಿರು ಬರಲಿದೆ. ಅದು ಯಾವಾಗ ಬಂದರೂ ಅದರ ಸಿದ್ಧತೆ ನಡೆಯಬೇಕಾದದ್ದು ಗಣಿ ಚೆನ್ನಾಗಿ ನಡೆಯುತ್ತಿರುವ ಈ ದಿನಗಳಲ್ಲಿ.

ದಿಬ್ಬಗಳಿಗೆ ಮತ್ತೆ ಬೆಲೆ

ಕೋಲಾರದ ದಿಬ್ಬಗಳ ಕತೆ ಇನ್ನೂ ಮುಗಿದಿಲ್ಲ. ಹಿಂದಿನ ವಿಧಾನಗಳಲ್ಲಿ ಸ್ವಲ್ಪ ಚಿನ್ನ ಪುಡಿಯಲ್ಲೇ ಉಳಿಯುತ್ತಿತ್ತು. ಅದು ಟನ್ನಿಗೆ ಒಂದು ಗ್ರಾಂಗಿಂತಲೂ ಕಡಿಮೆ ಎಂಬ ಅಂದಾಜಿದೆ. ಚಿನ್ನದ ಬೆಲೆ ಏರಿರುವುದರಿಂದ ಅಷ್ಟನ್ನೂ ತೆಗೆಯಬಹುದೆಂಬ ಲೆಕ್ಕಾಚಾರ ಹುಟ್ಟಿತು. ಸುಮಾರು ಸಾವಿರ ಎಕರೆಯಲ್ಲಿರುವ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಇದರಲ್ಲಿ ಅನುಕೂಲವಿದೆ. ಬಂಡೆಯನ್ನು ಮತ್ತೆ ಅಗೆಯಬೇಕಾಗಿಲ್ಲ, ಒಡೆಯಬೇಕಾಗಿಲ್ಲ. ಆ ಖರ್ಚು ನೂರು ವರ್ಷದ ಹಿಂದೆಯೇ ಆಗಿದೆ. ಊರಿನ ಕೆಲವರಿಗಾದರೂ ಊರಿನಲ್ಲೇ ಕೆಲಸ ಸಿಕ್ಕೀತು. ಬರುವ ಹಣದಲ್ಲಿ ದಿಬ್ಬಗಳ ತೊಂದರೆಯನ್ನೇ ನಿವಾರಿಸಲೂಬಹುದು. ಆದರೆ ಒಂದು ಸರಳ ಅಂಕಗಣಿತವನ್ನು ಮರೆಯಬಾರದು. ಒಂದು ಟನ್ ಪುಡಿಯಿಂದ ಒಂದು ಗ್ರಾಂ ಚಿನ್ನ ತೆಗೆದರೆ ಉಳಿಯುವ ಪುಡಿ ಒಂದು ಟನ್ನಿಗೆ ಒಂದು ಗ್ರಾಂ ಕಡಿಮೆ, ಅಷ್ಟೆ. 3.3 ಕೋಟಿ ಟನ್ ಸಂಸ್ಕರಿಸಿದ ಮೇಲೂ ಉಳಿಯುವುದು 3.3 ಕೋಟಿ ಟನ್ನೇ. ಅದೂ ಮತ್ತೊಮ್ಮೆ ರಾಸಾಯನಿಕದಲ್ಲಿ ನೆನೆದು ಬಂದದ್ದು.

ಹಾಗಾಗಿ ಇಂಥ ಯೋಜನೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎಷ್ಟು ಚಿನ್ನ ಸಿಗುತ್ತದೆ ಎಂಬಲ್ಲಿಗೆ ನಿಲ್ಲಬಾರದು. ಸಂಸ್ಕರಿಸಿದ ಪುಡಿಯನ್ನು ಎಲ್ಲಿ ಹಾಕುತ್ತಾರೆ? ಹಳೆಯ ಸುರಂಗಗಳನ್ನು ತುಂಬಲು ಅದನ್ನು ಬಳಸಲಾದೀತೇ? ಮಳೆ ಕಡಿಮೆಯಿರುವ ಆ ಸೀಮೆಯಲ್ಲಿ ಬೇಕಾಗುವ ನೀರು ಎಲ್ಲಿಂದ ಬರುತ್ತದೆ? ದಿಬ್ಬ ಅಗೆಯುವಾಗ ಏಳುವ ದೂಳನ್ನು ತಡೆಯುವುದು ಹೇಗೆ? ಕೆಲಸ ಮುಗಿದ ಮೇಲೆ ಆ ಸಾವಿರ ಎಕರೆ ಹೇಗಿರುತ್ತದೆ, ಅದಕ್ಕೆ ಬೇಕಾದ ಹಣವನ್ನು ಮೊದಲೇ ಎತ್ತಿಡಲಾಗಿದೆಯೇ? ಇವಕ್ಕೆ ಉತ್ತರ ಬರೆದಿಟ್ಟು ಕೆಲಸ ಆರಂಭಿಸಿದರೆ, ನೂರು ವರ್ಷದ ಹಿಂದಿನವರು ಬಿಟ್ಟುಹೋದ ಸಾಲವನ್ನು ಈ ತಲೆಮಾರು ತೀರಿಸಿದಂತಾಗುತ್ತದೆ. ಇಲ್ಲದಿದ್ದರೆ ಅದೇ ಸಾಲ ಇಂದು ಅಲ್ಲಿನ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳ ತಲೆಯ ಮೇಲೆ ಬೀಳುತ್ತದೆ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಅಗಲ ತಟ್ಟೆಗಳನ್ನು ತೆಗೆದುಕೊಳ್ಳಿ. ಎರಡರಲ್ಲೂ ಜರಡಿ ಹಿಡಿದ ನುಣ್ಣನೆಯ ಮಣ್ಣನ್ನು ಒಂದು ಅಂಗುಲ ದಪ್ಪಕ್ಕೆ ಹರಡಿ. ಒಂದರಲ್ಲಿ ರಾಗಿಯನ್ನು ಒತ್ತಾಗಿ ಬಿತ್ತಿ. ಎರಡಕ್ಕೂ ದಿನವೂ ಒಂದೇ ಅಳತೆಯ ನೀರು ಚಿಮುಕಿಸಿ. ಪೈರು ಒಂದು ಗೇಣು ಬಂದ ಮೇಲೆ ನೀರು ನಿಲ್ಲಿಸಿ, ಮಣ್ಣಿನ ಮೇಲ್ಪದರ ಒಣಗಲು ಬಿಡಿ. ಬರಿಯ ಮಣ್ಣಿನ ತಟ್ಟೆಯಲ್ಲಿ ಗಟ್ಟಿಯಾದ ಪದರವನ್ನು ಬೆರಳಿನಿಂದ ಮೆಲ್ಲಗೆ ಕೆದಕಿ ಪುಡಿ ಮಾಡಿ. ಪೈರಿನ ತಟ್ಟೆಯಲ್ಲೂ ಬುಡಗಳ ನಡುವೆ ಹಾಗೆಯೇ ಕೆದಕಿ. ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಟ್ಟೆಗಳನ್ನು ಒಂದೊಂದಾಗಿ ಟೇಬಲ್ ಫ್ಯಾನಿನ ಮುಂದೆ ಒಂದೇ ದೂರದಲ್ಲಿ ಇಡಿ. ಹಿಂದೆ ಒದ್ದೆ ಮಾಡಿದ ಬಿಳಿ ಬಟ್ಟೆಯೊಂದನ್ನು ತೂಗುಹಾಕಿ. ಐದು ನಿಮಿಷದ ನಂತರ ಎರಡು ಬಟ್ಟೆಗಳ ಮೇಲೆ ಕೂತ ದೂಳನ್ನು ಹೋಲಿಸಿ.

ನಂತರ ಅದೇ ತಟ್ಟೆಗಳನ್ನು ಸ್ವಲ್ಪ ಓರೆಯಾಗಿಟ್ಟು, ಹೂಕುಂಡಗಳಿಗೆ ನೀರು ಹಾಕುವ ಜಾಲರಿ ಕ್ಯಾನಿನಿಂದ ಒಂದೊಂದು ಲೀಟರ್ ನೀರು ಸುರಿಯಿರಿ. ಕೆಳಗೆ ಹರಿದ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ಹಿಡಿದು ರಾತ್ರಿಯಿಡೀ ಬಿಡಿ. ತಳದಲ್ಲಿ ಕೂತ ಮಣ್ಣನ್ನು ಅಳೆದು ಬರೆದಿಡಿ. ದಿಬ್ಬಗಳ ಮೇಲೆ ಮೊದಲು ಮಣ್ಣು ಹೊದಿಸಿ, ಹುಲ್ಲು ಬೆಳೆಸಿ, ಆಮೇಲೆ ಗಿಡ ನೆಡಬೇಕೆಂದು ತಜ್ಞರು ಏಕೆ ಹೇಳುತ್ತಾರೆಂಬುದಕ್ಕೆ ಆ ಎರಡು ಲೋಟಗಳೇ ಉತ್ತರ ಕೊಡುತ್ತವೆ.